ಯೂನಿಕೋಡ್ ಬರಲಿ, ಬೆರಳಿನ ಅಭ್ಯಾಸವೂ ಉಳಿಯಲಿ

ಉಡುಪಿ ಜಿಲ್ಲೆಯ ಮಟ್ಟು ಗ್ರಾಮದ ಗುಳ್ಳ ಬದನೆಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಆದರೆ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚಾದ ವರದಿಯೊಂದರಲ್ಲಿ ಯೂನಿಕೋಡ್ ಬಳಸಿ ‘ಮಟ್ಟುಗುಳ್ಳ’ ಎಂದು ಹುಡುಕಿದರೆ ಗಣಕಕ್ಕೆ ಅದು ಸಿಗುವುದಿಲ್ಲ. ಪರದೆಯ ಮೇಲೆ ಕನ್ನಡವಾಗಿ ಕಂಡರೂ ಕಡತದೊಳಗಿರುವುದು ರೋಮನ್ ಲಿಪಿಗೆ ಮೀಸಲಾದ ಸಂಕೇತಗಳು. ಆ ಫಾಂಟ್ ಇಲ್ಲದ ಕಡೆ ಅವು ಅರ್ಥಹೀನ ಚಿಹ್ನೆಗಳಷ್ಟೇ.

ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಅದಕ್ಕೆ ಬೆಂಬಲ ನೀಡಿತು. ಹಾಗಿದ್ದೂ ಬದಲಾವಣೆ ನಿಧಾನವಾದದ್ದಕ್ಕೆ ಬಳಕೆದಾರರ ಹಠವೊಂದೇ ಕಾರಣವಲ್ಲ. ಪುಟವಿನ್ಯಾಸಕ್ಕೆ ಬಳಕೆಯಾಗುತ್ತಿದ್ದ ಪೇಜ್‌ಮೇಕರ್ ಯೂನಿಕೋಡನ್ನು ಅರಿಯದು. ಊರೂರಿನಿಂದ ಬರಹ ಕಳುಹಿಸುವವರ ಬೆರಳುಗಳೂ ಒಂದು ಕೀಲಿಮಣೆ ವಿನ್ಯಾಸಕ್ಕೆ ಪಳಗಿದ್ದವು.

ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡುವುದು ಅಗತ್ಯ. ಒಂದು, ಬೆರಳು ಒತ್ತುವ ಕೀಲಿ. ಇನ್ನೊಂದು, ಗಣಕ ಉಳಿಸಿಕೊಳ್ಳುವ ಸಂಕೇತ. ಕರಾವಳಿಯವರೇ ಆದ ಕಿನ್ನಿಕಂಬಳ ಪದ್ಮನಾಭ ರಾವ್ (ಕೆ.ಪಿ. ರಾವ್) ರೂಪಿಸಿದ ವಿನ್ಯಾಸದಲ್ಲಿ ‘ಎಫ್’ ಕೀಲಿ ವ್ಯಂಜನಗಳನ್ನು ಬೆಸೆಯುತ್ತದೆ. ‘ಮಟ್ಟು’ ಬರೆಯಲು ಎರಡು ಟಕಾರಗಳ ನಡುವೆ ಅದನ್ನು ಒತ್ತಿದರೆ ಸಾಕು. ಈ ಕ್ರಮವನ್ನು ಆಧರಿಸಿದ ವಿನ್ಯಾಸವನ್ನೇ ಕನ್ನಡ ಗಣಕ ಪರಿಷತ್ತು ನುಡಿಯಲ್ಲಿ ಅಳವಡಿಸಿತು. ಸಂಕೇತ ಬದಲಾದ ಮಾತ್ರಕ್ಕೆ ಈ ವಿನ್ಯಾಸವನ್ನು ಕೈಬಿಡಬೇಕಾಗಿಲ್ಲ.

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಇದಕ್ಕೆ ನಿದರ್ಶನ. ಅಲ್ಲಿ ಬರೆಯುವವರು ಲಿಪ್ಯಂತರಣ, ಇನ್‌ಸ್ಕ್ರಿಪ್ಟ್, ಗಣಕ ಪರಿಷತ್ತಿನ ವಿನ್ಯಾಸ ಇವುಗಳಲ್ಲಿ ತಮಗೊಗ್ಗಿದ್ದನ್ನು ಆರಿಸಿಕೊಳ್ಳಬಹುದು. ಯಾವುದನ್ನು ಆರಿಸಿದರೂ ಉಳಿಯುವ ಪಠ್ಯ ಯೂನಿಕೋಡಿನದೇ. ನುಡಿಯ ನಂತರದ ಆವೃತ್ತಿಗಳೂ ಇದೇ ಹಾದಿ ಹಿಡಿದವು.

ಹಳೆಯ ಕಡತಗಳ ಪರಿವರ್ತನೆ ಮಾತ್ರ ಅಷ್ಟು ಸುಲಭವಲ್ಲ. ‘ಕಾರ್ಕಳ’ ಪದದ ಅರ್ಕಾವತ್ತು ಹಳೆಯ ಫಾಂಟಿನಲ್ಲಿ ಕಕಾರದ ನಂತರ ದಾಖಲಾಗುತ್ತದೆ. ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಇಂತಹ ಒಂದು ನಿಯಮದಲ್ಲಿ ತಪ್ಪಿದರೂ ಊರಿನ ಹೆಸರೇ ಕೆಡುತ್ತದೆ. ಆದ್ದರಿಂದ ಯಂತ್ರದ ಕೆಲಸದ ಬಳಿಕ ಕರಡು ತಿದ್ದುವ ಕಣ್ಣು ಬೇಕೇ ಬೇಕು.

ಈ ಹೊರೆಯನ್ನು ಹೊರಬೇಕಾದವರು ಯಾರು ಎಂಬುದೇ ಮುಖ್ಯ ಪ್ರಶ್ನೆ. ಹೊಸ ವ್ಯವಸ್ಥೆಯ ಲಾಭ ಪಡೆಯುವುದು ಸಂಸ್ಥೆ. ಹಾಗಿರುವಾಗ ಪರಿವರ್ತನೆ, ತಿದ್ದುಪಡಿ, ತರಬೇತಿಗಳ ವೆಚ್ಚವನ್ನೂ ಸಂಸ್ಥೆಯೇ ಭರಿಸುವುದು ನ್ಯಾಯ. ‘ನಾಳೆಯಿಂದ ಹೊಸ ಕ್ರಮದಲ್ಲೇ ಕಳುಹಿಸಿ’ ಎಂದು ಅಪ್ಪಣೆ ಹೊರಡಿಸಿದರೆ ಮೊದಲು ನಿಂತುಹೋಗುವುದು ಹಳ್ಳಿಯಿಂದ ಬರುವ ಬರಹ. ಶಿಷ್ಟತೆಯ ವಿಷಯದಲ್ಲಿ ರಾಜಿ ಸಲ್ಲದು; ಆದರೆ ಅಲ್ಲಿಗೆ ತಲುಪುವ ದಾರಿ ಬರೆಯುವವರನ್ನು ಹೊರಗಿಡುವಂತಿರಬಾರದು.