ಹೊಲಿಗೆಗೆ ಮೊದಲು ಕೈ ನೋಡಿ

ಬೆಂಗಳೂರಿನಲ್ಲಿ ಯಶವಂತಪುರ ದಾಟಿ ಗೊರಗುಂಟೆಪಾಳ್ಯ, ಪೀಣ್ಯದ ಕಡೆ ಹೋದರೆ ಪವರ್ ಪ್ರೆಸ್, ಲೇತ್, ಕಟಿಂಗ್ ವೀಲ್‌ಗಳ ಸದ್ದು. ಆ ಶೆಡ್‌ಗಳಲ್ಲಿ ಕೈಗೆ ಪೆಟ್ಟು ಬಿದ್ದವರು ಟವೆಲ್ ಸುತ್ತಿಕೊಂಡು ಮೊದಲು ಓಡುವುದು ಪಕ್ಕದ ರಸ್ತೆಯ ಕ್ಲಿನಿಕ್‌ಗೆ. ಎಷ್ಟೋ ಸಲ ಅಲ್ಲಿ ಮರಗಟ್ಟಿಸುವ ಇಂಜೆಕ್ಷನ್, ನಾಲ್ಕು ಹೊಲಿಗೆ, ಒಂದು ಟಿಟಿ ಕೊಟ್ಟು ಮನೆಗೆ ಕಳಿಸುತ್ತಾರೆ. ಗಾಯ ಮಾಯುತ್ತದೆ, ಬೆರಳು ಮಾತ್ರ ಮಡಚುವುದಿಲ್ಲ.

ಚರ್ಮ ಹೊಲಿಯುವುದು ಕೊನೆಯ ಕೆಲಸ. ಮೊದಲ ಹತ್ತು ನಿಮಿಷ ಕೈಯನ್ನು ನೋಡಬೇಕು, ಅದೂ ಇಂಜೆಕ್ಷನ್‌ಗೆ ಮುಂಚೆಯೇ. ಮರಗಟ್ಟಿಸಿದ ಮೇಲೆ ನರ ತುಂಡಾಗಿದೆಯೋ ಇಲ್ಲವೋ ಯಾರೂ ಹೇಳಲಾರರು. ಇದಕ್ಕೆ ದುಬಾರಿ ಉಪಕರಣ ಬೇಡ. ಒಂದು ಪೇಪರ್ ಕ್ಲಿಪ್ ಬಿಡಿಸಿ, ಎರಡು ತುದಿಗಳ ನಡುವೆ 6 ಮಿಲಿಮೀಟರ್ ಅಂತರ ಬಿಟ್ಟು ಬೆರಳ ತುದಿಗೆ ಮುಟ್ಟಿಸಿ. ಆರೋಗ್ಯವಂತ ಬೆರಳಿಗೆ ಅದು ಎರಡು ಎಂದು ತಿಳಿಯುತ್ತದೆ. ಒಂದೇ ಎನಿಸಿದರೆ ನರಕ್ಕೆ ಏಟಾಗಿದೆ ಎಂದು ಅನುಮಾನಿಸಬೇಕು. ಉಗುರು ಅದುಮಿ ಬಿಟ್ಟಾಗ ಎರಡು ಸೆಕೆಂಡಿನಲ್ಲಿ ಕೆಂಪು ಮರಳಿ ಬಂದರೆ ರಕ್ತ ಹರಿಯುತ್ತಿದೆ. ಅಂಗೈ ಮೇಲೆ ಮಾಡಿ ಕೈಯನ್ನು ಸಡಿಲ ಬಿಡಿಸಿದರೆ ತೋರುಬೆರಳಿನಿಂದ ಕಿರುಬೆರಳಿನವರೆಗೆ ಬಾಗು ಹೆಚ್ಚುತ್ತಾ ಹೋಗುತ್ತದೆ. ಆ ಸಾಲಿನಲ್ಲಿ ಒಂದು ಬೆರಳು ನೆಟ್ಟಗೆ ನಿಂತಿದ್ದರೆ ಅದನ್ನು ಮಡಚುವ ಸ್ನಾಯುರಜ್ಜು ಕಡಿದಿದೆ ಎಂದೇ ತಿಳಿಯಬೇಕು. ಆದರೆ ಬೆರಳು ಆಡುತ್ತಿದೆ ಎಂದ ಮಾತ್ರಕ್ಕೆ ನಿಶ್ಚಿಂತೆ ಸಲ್ಲದು. ಮುಕ್ಕಾಲು ಭಾಗ ಕಡಿದ ರಜ್ಜುವೂ ಬೆರಳನ್ನು ಆಡಿಸಬಲ್ಲದು. ಎದುರು ಒತ್ತಡ ಕೊಟ್ಟಾಗ ನೋವಾದರೆ ಎಚ್ಚರ.

ತಡವಾದಷ್ಟೂ ಕಡಿದ ರಜ್ಜುವಿನ ತುದಿ ಒಳಕ್ಕೆ ಜಾರಿ ಸುತ್ತಲ ಮಾಂಸಕ್ಕೆ ಅಂಟಿಕೊಳ್ಳುತ್ತದೆ. ಮೊದಲ ದಿನಗಳಲ್ಲಿ ನೇರ ಜೋಡಿಸಬಹುದಾದದ್ದಕ್ಕೆ ವಾರಗಳ ನಂತರ ಬೇರೆ ಕಡೆಯಿಂದ ರಜ್ಜು ತಂದು ಕಸಿ ಮಾಡಬೇಕಾದೀತು.

ಇದರಲ್ಲಿ ಹೊಟ್ಟೆಪಾಡಿನ ಲೆಕ್ಕವೂ ಇದೆ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ಗಳಿಕೆಯ ಸಾಮರ್ಥ್ಯದ ಶೇ 30, ಇಡೀ ತೋರುಬೆರಳಿಗೆ ಶೇ 14 ನಷ್ಟವೆಂದು ಬರೆದಿತ್ತು. ತುಂಡಾಗದೆ ಕೈಯಲ್ಲೇ ಉಳಿದು, ಸ್ಪರ್ಶವಿಲ್ಲದೆ ಸೆಟೆದ ಬೆರಳಿಗೆ ಅಂಥ ಸಿದ್ಧ ಅಂಕಿ ಇಲ್ಲ. ಆ ನಷ್ಟವನ್ನು ವೈದ್ಯರೇ ಅಂದಾಜು ಮಾಡಬೇಕು. ಮೊದಲ ಚೀಟಿಯಲ್ಲಿ 'ಕೈಗೆ ಗಾಯ, ಹೊಲಿಗೆ ಹಾಕಿದೆ' ಎಂದಷ್ಟೇ ಇದ್ದರೆ ಆ ಕಾರ್ಮಿಕ ಯಾವ ದಾಖಲೆ ಹಿಡಿದು ಕೇಳಬೇಕು?

ಬೆರಳು ತುಂಡಾಗಿದ್ದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ, ನೀರು ಹೊಗದ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಆ ಚೀಲವನ್ನು ಐಸ್ ಹಾಕಿದ ನೀರಿನಲ್ಲಿ ಇಡಬೇಕು. ಬೆರಳು ನೇರವಾಗಿ ಐಸ್‌ಗೆ ತಾಗಿದರೆ ಕೆಡುತ್ತದೆ. ಇದನ್ನು ಪ್ರತಿ ಶೆಡ್‌ನ ಗೋಡೆಯ ಮೇಲೆ ಕನ್ನಡದಲ್ಲೂ ಹಿಂದಿಯಲ್ಲೂ ಬರೆಸುವುದು ಮಾಲೀಕರಿಗೆ ಭಾರವಲ್ಲ. ಕ್ಲಿನಿಕ್‌ನವರಿಂದ ಕೇಳುವುದೂ ಒಂದು ಚೀಟಿಯಷ್ಟೇ: ಬಲಗೈಯೋ ಎಡಗೈಯೋ, ಯಾವ ಮಷೀನು, ಎಷ್ಟು ಗಂಟೆಗೆ, ಇಂಜೆಕ್ಷನ್‌ಗೆ ಮುಂಚೆ ಯಾವ ಬೆರಳಿಗೆ ಸ್ಪರ್ಶ ಇತ್ತು, ಯಾವುದು ಮಡಚುತ್ತಿತ್ತು.