ಇಸ್ತ್ರಿಪೆಟ್ಟಿಗೆ ಹಡಗು ಹತ್ತಲಿಲ್ಲ

ದೂರಪ್ರಯಾಣಕ್ಕೆ ಹೊರಟ ಗೃಹಸ್ಥರ ಮನಸ್ಸನ್ನು ಅರಿಯಬೇಕಾದರೆ ಅವರ ಮಾತನ್ನು ಕೇಳಬೇಕಾಗಿಲ್ಲ. ಅವರ ಪೆಟ್ಟಿಗೆಯನ್ನು ತೆರೆದು ನೋಡಿದರೆ ಸಾಕು. ಔಷಧದ ಶೀಶೆ ಮೇಲಿದ್ದರೆ ಭಯಸ್ಥರು, ಚಕ್ಕುಲಿಯ ಡಬ್ಬ ಮೇಲಿದ್ದರೆ ರಸಿಕರು. ಇಸ್ತ್ರಿಪೆಟ್ಟಿಗೆಯೇ ಮೇಲಿದ್ದರೆ?

ಮೈಸೂರಿನ ರಾಮಕೃಷ್ಣನಗರದಲ್ಲಿ, ಪರಮಹಂಸ ವೃತ್ತಕ್ಕೆ ಅನತಿದೂರದ ಒಂದು ಮನೆಯಲ್ಲಿ ಇಂಥ ಪೆಟ್ಟಿಗೆಯೊಂದು ಸಿದ್ಧವಾಗುತ್ತಿತ್ತು. ಮನೆಯ ಯಜಮಾನರು ನಿವೃತ್ತ ಉಪಾಧ್ಯಾಯರು; ಬೀದಿಗೆಲ್ಲ ‘ಮೇಷ್ಟ್ರು’. ಅವರು ಗೃಹಸ್ಥಾಶ್ರಮವನ್ನು ಪ್ರವೇಶಿಸಿ ಐವತ್ತು ವರ್ಷ ತುಂಬಿದ್ದಿತು. ಮುಂಬಯಿಯಲ್ಲಿರುವ ಮಗಳೂ, ಕಾರವಾರದ ಕಡೆಯವರಾದ ಅಳಿಯಂದಿರೂ ಆ ಸಂತೋಷಕ್ಕಾಗಿ ಹಿರಿಯರನ್ನು ಮುಂಬಯಿಯಿಂದ ಲಕ್ಷದ್ವೀಪದತ್ತ ಹೋಗುವ ವಿಹಾರನೌಕೆಯಲ್ಲಿ ಕರೆದೊಯ್ಯುವುದೆಂದು ನಿಶ್ಚಯಿಸಿದ್ದರು. ಮೇಷ್ಟ್ರ ಮಡದಿಗೆ ಸಮುದ್ರದ ಭಯವಿರಲಿಲ್ಲ, ಸುಕ್ಕಿನ ಭಯವಿತ್ತು. ಮದುವೆಯ ಕಾಲದ ಮೈಸೂರು ರೇಷ್ಮೆಯ ಸೀರೆಯನ್ನುಟ್ಟು, ಹಡಗಿನ ಮೇಲೆ ನಿಂತು, ಪತಿಯೊಡನೆ ಒಂದು ಭಾವಚಿತ್ರ ತೆಗೆಸಿಕೊಳ್ಳಬೇಕೆಂಬುದು ಅವರ ಏಕಮಾತ್ರ ಸಂಕಲ್ಪ. ಆ ಸಂಕಲ್ಪದ ರಕ್ಷಣೆಗಾಗಿಯೇ ಇಸ್ತ್ರಿಪೆಟ್ಟಿಗೆ ಮೇಲೆ ಕುಳಿತಿದ್ದಿತು.

ಅಷ್ಟರಲ್ಲಿ ಮಗಳು ದೂರವಾಣಿಯಲ್ಲಿ ಹೇಳಿದಳು: “ಅಮ್ಮಾ, ಇಸ್ತ್ರಿಪೆಟ್ಟಿಗೆ ತರಬೇಡ. ಹಡಗಿನಲ್ಲಿ ಬಿಡೋದಿಲ್ಲ. ಕಾಯಿಸೋ ಕೆಟಲು, ಮೇಣದ ಬತ್ತಿ, ಊದಿನಕಡ್ಡಿ ಯಾವುದೂ ಕೂಡದು.”

“ಊದಿನಕಡ್ಡಿಯೂ ಕೂಡದೆ? ಅದೇನು ಹಡಗೋ, ಸೆರೆಮನೆಯೋ?” ಎಂದು ಆಕೆ ಪತಿಯ ಕಡೆ ತಿರುಗಿದರು. “ನೋಡಿದಿರಾ, ದುಡ್ಡು ಕೊಟ್ಟು ಹೋಗೋರಿಗೆ ಇಷ್ಟೊಂದು ಕಟ್ಟುಪಾಡು!”

ಮೇಷ್ಟ್ರು ನಕ್ಕರು. ಅವರ ನಗೆಗೆ ಕಾರಣವಿದ್ದಿತು. ‘ಇಸ್ತ್ರಿ’ ಎಂಬ ಮಾತು, ಮೇಜು ಮತ್ತು ಅಲಮಾರುಗಳಂತೆ, ಪೋರ್ಚುಗೀಸರ ನುಡಿಯಿಂದ ಬಂದುದೆಂದು ಶಬ್ದವಿದರು ಹೇಳುತ್ತಾರೆ. ಎಳೆದು ನೀಳಮಾಡು ಎಂಬುದು ಅದರ ಮೂಲಾರ್ಥ. ಪೋರ್ಚುಗೀಸರು ಬಂದುದು ಹಡಗಿನಲ್ಲಿ. ಹಡಗಿನಲ್ಲಿ ಬಂದ ಮಾತಿಗೆ ಈಗ ಹಡಗಿನಲ್ಲೇ ಪ್ರವೇಶವಿಲ್ಲ!

ಆದರೆ ನಿಷೇಧಕ್ಕೆ ಅರ್ಥವಿಲ್ಲದಿಲ್ಲ. ರಾಮಕೃಷ್ಣನಗರದ ಮನೆಯೊಂದಕ್ಕೆ ಬೆಂಕಿ ತಗುಲಿದರೆ ಸರಸ್ವತಿಪುರಂನಿಂದ ಅಗ್ನಿಶಾಮಕ ವಾಹನ ಬಂದೀತು. ಮನೆಯವರು ಬೀದಿಗೆ ಓಡಿ ಬಂದು ನಿಂತಾರು. ನಡುಗಡಲಿನಲ್ಲಿ ಬೀದಿಯೆಲ್ಲಿ? ಅಲ್ಲಿ ಬೆಂಕಿಯನ್ನು ಆರಿಸಬೇಕಾದವರೂ ಅದರಿಂದ ಪಾರಾಗಬೇಕಾದವರೂ ಒಂದೇ ಮರದ, ಅಲ್ಲ, ಒಂದೇ ಉಕ್ಕಿನ ಮನೆಯಲ್ಲಿರುವವರು. 2006ರ ಮಾರ್ಚ್ 23ರಂದು ಕ್ಯಾರಿಬಿಯನ್ ಸಮುದ್ರದಲ್ಲಿ ‘ಸ್ಟಾರ್ ಪ್ರಿನ್ಸೆಸ್’ ಎಂಬ ವಿಹಾರನೌಕೆಯ ಮೊಗಸಾಲೆಯೊಂದರಲ್ಲಿ ಬೆಂಕಿ ಹುಟ್ಟಿ ಹಲವು ಅಂತಸ್ತುಗಳಿಗೆ ಹಬ್ಬಿತು. ಒಬ್ಬರು ಪ್ರಾಣ ತೆತ್ತರು. ಯಾರೋ ಎಸೆದ ಸಿಗರೇಟಿನ ತುಣುಕೇ ಅದಕ್ಕೆ ಕಾರಣವಾಗಿರಬೇಕೆಂದು ತನಿಖೆ ನಡೆಸಿದವರು ಅಭಿಪ್ರಾಯಪಟ್ಟರು. ಸಿಗರೇಟಿನ ತುಣುಕಿಗೆ ಅಷ್ಟು ಸಾಮರ್ಥ್ಯವಿದ್ದ ಮೇಲೆ, ಮರೆತು ಬಿಟ್ಟ ಇಸ್ತ್ರಿಪೆಟ್ಟಿಗೆಯ ಪರಾಕ್ರಮವನ್ನು ಬಣ್ಣಿಸಬೇಕಾಗಿಲ್ಲ.

ಹಾಗಾದರೆ ಸೀರೆಯ ಗತಿ? ಆಕೆ ಬೀದಿಯ ಮೂಲೆಯಲ್ಲಿ ತಳ್ಳುಗಾಡಿಯ ಮೇಲೆ ಕೆಂಡದ ಪೆಟ್ಟಿಗೆಯಿಟ್ಟುಕೊಂಡು ಇಸ್ತ್ರಿ ಮಾಡುವ ಮುದುಕನ ಮೊರೆಹೊಕ್ಕರು. ನಾಲ್ಕು ದಶಕ ಕಾಲ ಅನ್ಯರ ಸುಕ್ಕನ್ನು ನೀಗಿಸಿದ ಆತ ವಿದ್ವಾಂಸನಂತೆ ಉಪದೇಶ ಮಾಡಿದ: “ಅಮ್ಮಾವ್ರೇ, ಎಲ್ರೂ ಬಿಸೀಲೇ ಮಡಿಚಿ ಪೆಟ್ಟಿಗೇಗೆ ತುಂಬ್ತಾರೆ, ಆಮೇಲೆ ನನ್ನ ಬಯ್ತಾರೆ. ಬಟ್ಟೆ ಆರೋಕೆ ಬಿಡಿ. ಆರಿದ ಮೇಲೆ ಮಡಿಚಿ.”

ಮುದುಕನ ಮಾತಿನಲ್ಲಿ ಶಾಸ್ತ್ರವೇ ಅಡಗಿದ್ದಿತು. ಹತ್ತಿಯ ಎಳೆಯೊಳಗಿನ ಅಣುಗಳು ಒಂದರ ಕೈಯನ್ನೊಂದು ಹಿಡಿದುಕೊಂಡಿರುತ್ತವೆ. ತೇವವೂ ಶಾಖವೂ ತಗುಲಿದಾಗ ಆ ಹಿಡಿತ ಸಡಿಲವಾಗುತ್ತದೆ. ಆಗ ಬಟ್ಟೆ ಯಾವ ಭಂಗಿಯಲ್ಲಿರುವುದೋ ಅದೇ ಭಂಗಿಯಲ್ಲಿ ತಣಿದು ಒಣಗಿ ಮತ್ತೆ ಬಿಗಿಯುತ್ತದೆ. ಚಪ್ಪಟೆಯಾಗಿ ತಣಿದರೆ ಅದು ಇಸ್ತ್ರಿ. ಮುದುಡಿ ತಣಿದರೆ ಅದೇ ಸುಕ್ಕು. ಆದುದರಿಂದ ಮೇಷ್ಟ್ರ ಹತ್ತಿಯ ಷರಟುಗಳನ್ನು ಆರಿಸಿ, ಮಡಿಸುವ ಬದಲು ಸುರುಳಿ ಸುತ್ತಿಡಲಾಯಿತು; ಸುರುಳಿಯಲ್ಲಿ ಚೂಪಾದ ಮಡಿಕೆ ಬೀಳುವುದಿಲ್ಲ. ಪೆಟ್ಟಿಗೆಯನ್ನು ಅತಿಯಾಗಿ ಅದುಮಲಿಲ್ಲ. ಬಟ್ಟೆಗಳು ಅತ್ತಿತ್ತ ಜಾರುವಷ್ಟು ಖಾಲಿಯೂ ಬಿಡಲಿಲ್ಲ. ಹಡಗಿನಲ್ಲಿ ಷರಟನ್ನು ಸ್ನಾನದ ಕೋಣೆಯಲ್ಲಿ ತೂಗಿಹಾಕಿ, ಬಿಸಿನೀರಿನ ಸ್ನಾನವಾದ ಮೇಲೆ ಆ ಹಬೆಯಲ್ಲಿ ಸ್ವಲ್ಪ ಹೊತ್ತು ಬಿಟ್ಟು ಕೈಯಿಂದ ಸವರಿದರೆ ಸಾಕೆಂದು ಗೊತ್ತಾಯಿತು. ತೀರ ಅಗತ್ಯವಾದರೆ ಹಡಗಿನ ಅಗಸರ ವಿಭಾಗಕ್ಕೆ ಶುಲ್ಕ ತೆತ್ತು ಕೊಡಬಹುದು.

ರೇಷ್ಮೆಯ ಮರ್ಯಾದೆ ಬೇರೆ. ಅದಕ್ಕೆ ನೀರು ಚಿಮುಕಿಸಬಾರದು, ಕಲೆಯಾದೀತು. ಒಂದೇ ಮಡಿಕೆಯಲ್ಲಿ ಬಹುಕಾಲ ಇಡಬಾರದು, ಜರಿ ಆ ಗೆರೆಯಲ್ಲೇ ಮುರಿದೀತು. ಆಕೆ ಸೀರೆಯ ಹಳೆಯ ಮಡಿಕೆಯನ್ನು ಬದಲಿಸಿ, ನಡುವೆ ತೆಳುವಾದ ಹತ್ತಿಯ ಬಟ್ಟೆಯನ್ನು ಹಾಸಿ, ಎಲ್ಲಕ್ಕಿಂತ ಮೇಲೆ ಇರಿಸಿದರು. ಮೈಸೂರು ರೇಷ್ಮೆಯ ಎಳೆ ಬಿಗಿಯಾಗಿ ಹುರಿಗೊಂಡುದಾದುದರಿಂದ ಅದು ಸುಲಭವಾಗಿ ಸುಕ್ಕುವುದಿಲ್ಲವೆಂಬ ಧೈರ್ಯವೂ ಇದ್ದಿತು. ಇಸ್ತ್ರಿಪೆಟ್ಟಿಗೆ ಅಲಮಾರನ್ನು ಸೇರಿತು.

ಮುಂಬಯಿಯಲ್ಲಿ ಹಡಗು ಹತ್ತಿದಾಗ ಆಕೆಗೆ ಎರಡನೆಯ ಆಘಾತ ಕಾದಿದ್ದಿತು. ಕೋಣೆ ಚಿಕ್ಕದು. ಸೀರೆಯನ್ನು ನೀಳವಾಗಿ ತೂಗಿಹಾಕಲು ಎತ್ತರದ ಗೂಟಕ್ಕಾಗಿ ಹುಡುಕಿದರು. ಮಾಡಿನ ನಡುವೆ ಲೋಹದ ಮೊಗ್ಗಿನಂಥದೊಂದು ಇಳಿಬಿದ್ದಿದ್ದುದು ಕಣ್ಣಿಗೆ ಬಿತ್ತು. ದೇವರೇ ದಯಪಾಲಿಸಿದಂತೆ! ಮಂಚದ ಮೇಲೆ ನಿಂತು ತೂಗುಕಡ್ಡಿಯನ್ನು ಅದಕ್ಕೆ ಸಿಕ್ಕಿಸುವುದರಲ್ಲಿದ್ದರು, ಕೋಣೆಯ ಉಸ್ತುವಾರಿಯ ಹುಡುಗ “ಅಮ್ಮಾ, ಬೇಡ, ಬೇಡ!” ಎಂದು ಕೈಯೆತ್ತಿ ಕೂಗಿದ. ಅದು ಬೆಂಕಿಯನ್ನಾರಿಸುವ ನೀರಿನ ಮೊಗ್ಗು. ಅದರೊಳಗೆ ಸಣ್ಣದೊಂದು ಗಾಜಿನ ಗುಳಿಗೆಯಿರುತ್ತದೆ; ಕೋಣೆಯ ಶಾಖ ಸಾಮಾನ್ಯವಾಗಿ 68 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಅದು ಒಡೆದು ನೀರು ಧಾರೆಯಾಗಿ ಸುರಿಯುತ್ತದೆ. ಸೀರೆಯ ಭಾರಕ್ಕೆ ಗುಳಿಗೆ ಒಡೆದಿದ್ದರೆ ಸುಕ್ಕಿನ ಚಿಂತೆ ಅಲ್ಲಿಗೇ ಪರಿಹಾರವಾಗುತ್ತಿತ್ತು, ಸೀರೆಯೂ!

ಭಾವಚಿತ್ರಕ್ಕೆಂದು ಆಕೆ ಸಂಜೆ ನಾಲ್ಕಕ್ಕೇ ಆ ಸೀರೆಯನ್ನುಟ್ಟು ಸಿದ್ಧರಾದರು. ಒಂದೂ ಸುಕ್ಕಿಲ್ಲ. ಅದೇ ಕ್ಷಣಕ್ಕೆ ಹಡಗಿನ ಸಿಳ್ಳು ಮೊಳಗಿತು: ಏಳು ಗಿಡ್ಡ ಕೂಗು, ಒಂದು ನೀಳ ಕೂಗು. ಪ್ರಯಾಣಿಕರೆಲ್ಲರೂ ತಮ್ಮ ತಮ್ಮ ಕೂಡುತಾಣಕ್ಕೆ ಬಂದು ಲೈಫ್ ಜಾಕೆಟ್ ತೊಟ್ಟು ತೋರಿಸಬೇಕೆಂಬ ಅಭ್ಯಾಸದ ಕರೆ ಅದು.

“ಈ ಸೀರೆಯ ಮೇಲೆ ಆ ದಿಂಬನ್ನು ಕಟ್ಟಿಕೊಳ್ಳೋದೆ? ನಾನು ಬರೋಲ್ಲ. ನೀವು ಹೋಗಿ ಬನ್ನಿ” ಎಂದರು ಆಕೆ. ಮೇಷ್ಟ್ರೂ, “ನಿಜ, ಇದೇನು ನಿಜವಾದ ಅಪಾಯವಲ್ಲವಲ್ಲ” ಎಂದು ಮಂಚದ ಮೇಲೆ ಕುಳಿತೇ ಇದ್ದರು. ಹೆಂಡತಿಯ ಮಾತನ್ನು ಅಷ್ಟು ಶೀಘ್ರವಾಗಿ ಒಪ್ಪಿಕೊಂಡುದು ಅವರ ಸ್ವಭಾವಕ್ಕೆ ವಿರುದ್ಧವಾಗಿತ್ತು. ಅದನ್ನು ಆಗ ಯಾರೂ ಗಮನಿಸಲಿಲ್ಲ.

ಅಳಿಯಂದಿರು ಬಾಗಿಲಲ್ಲಿ ನಿಂತಿದ್ದರು. ಸಾಮಾನ್ಯವಾಗಿ ಅತ್ತೆಯ ಮಾತಿಗೆ ಎದುರಾಡದವರು ಅಂದು ಮೆಲ್ಲನೆ ನುಡಿದರು: “ಅತ್ತೆ, 2019ರ ಜನವರಿ 21ರಂದು ಕಾರವಾರದಲ್ಲಿ ಕೂರ್ಮಗಡದ ನರಸಿಂಹ ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿ ಮಗುಚಿತು. ಹದಿನಾರು ಜನ ಹೋದರು. ದಡ ಕಣ್ಣಿಗೆ ಕಾಣುವಷ್ಟು ದೂರ. ಹಬ್ಬದ ದಿನ, ಒಳ್ಳೆಯ ಬಟ್ಟೆ ಉಟ್ಟಿದ್ದರು. ಜಾಕೆಟ್ ಮಾತ್ರ ಮೈಮೇಲಿರಲಿಲ್ಲ ಎಂದು ಆಮೇಲೆ ಎಲ್ಲರೂ ಹೇಳಿದರು. ನಮ್ಮೂರಿನವರಿಗೆ ಅದು ಮರೆಯುವ ಮಾತಲ್ಲ. ನೀವು ಬನ್ನಿ.”

ಆಕೆ ಮರುಮಾತಾಡದೆ ಎದ್ದರು.

ಈ ಅಭ್ಯಾಸದ ಹಿಂದೆ ಜಗತ್ತು ತೆತ್ತ ಬೆಲೆ ಸಾಮಾನ್ಯವಾದುದಲ್ಲ. ಮೈಸೂರಿನಲ್ಲಿ ರೇಷ್ಮೆಯ ಕಾರ್ಖಾನೆ ಆರಂಭವಾದ 1912ರಲ್ಲಿಯೇ ‘ಟೈಟಾನಿಕ್’ ಮುಳುಗಿ ಸುಮಾರು 1500 ಜನ ಮಡಿದರು. ಹಡಗಿನಲ್ಲಿ ಇದ್ದವರು ಸುಮಾರು 2200, ರಕ್ಷಣಾ ದೋಣಿಗಳಲ್ಲಿ ಇದ್ದ ಸ್ಥಳ 1178 ಮಂದಿಗೆ. ಅದರ ಫಲವಾಗಿ 1914ರಲ್ಲಿ ಲಂಡನ್ನಿನಲ್ಲಿ ಕಡಲ ಸುರಕ್ಷತೆಯ ಮೊದಲ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಆದರೂ ಹೊಸದಾಗಿ ಹತ್ತಿದವರಿಗೆ ಅಭ್ಯಾಸವನ್ನು 24 ಗಂಟೆಯೊಳಗೆ ಮಾಡಿಸಿದರೆ ಸಾಕೆಂಬ ಸಡಿಲಿಕೆ ಬಹುಕಾಲ ಉಳಿದಿದ್ದಿತು. 2012ರ ಜನವರಿ 13ರ ರಾತ್ರಿ ಇಟಲಿಯ ತೀರದಲ್ಲಿ ‘ಕೋಸ್ಟಾ ಕಾಂಕಾರ್ಡಿಯಾ’ ಬಂಡೆಗೆ ಬಡಿದಾಗ, ಅಂದು ಸಂಜೆಯಷ್ಟೇ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಅಭ್ಯಾಸ ಇನ್ನೂ ಆಗಿರಲಿಲ್ಲ. ಅದು ಮರುದಿನಕ್ಕೆ ನಿಗದಿಯಾಗಿತ್ತು. 32 ಜನ ಸತ್ತರು. 2015ರ ಜನವರಿ 1ರಿಂದ, ಹಡಗು ಹೊರಡುವ ಮೊದಲು ಅಥವಾ ಹೊರಟ ಒಡನೆಯೇ ಅಭ್ಯಾಸ ನಡೆಯಲೇಬೇಕೆಂಬ ನಿಯಮ ಜಾರಿಗೆ ಬಂದಿತು. ನಾಳೆ ಮಾಡೋಣವೆಂಬ ಮಾತನ್ನು ಕಡಲು ಕೇಳುವುದಿಲ್ಲ.

ಮೇಷ್ಟ್ರ ಕುಟುಂಬದ ಕೂಡುತಾಣ ಮೂರು ಅಂತಸ್ತು ಕೆಳಗಿದ್ದಿತು. ಆಪತ್ಕಾಲದಲ್ಲಿ ಲಿಫ್ಟನ್ನು ಉಪಯೋಗಿಸಬಾರದಾದುದರಿಂದ ಅಭ್ಯಾಸಕ್ಕೂ ಎಲ್ಲರೂ ಮೆಟ್ಟಿಲನ್ನೇ ಹಿಡಿದರು. ಮೊದಲನೆಯ ಸಾಲು ಇಳಿಯುವಷ್ಟರಲ್ಲಿ ಮೇಷ್ಟ್ರು ನಿಂತರು. ಎರಡನೆಯ ಸಾಲಿನಲ್ಲಿ ಕಟಕಟೆಯನ್ನು ಎರಡು ಕೈಯಿಂದಲೂ ಹಿಡಿದರು. ಹಿಂದಿನವರು ಬಳಸಿಕೊಂಡು ಮುಂದೆ ಹೋದರು. ಹಣೆಯಲ್ಲಿ ಬೆವರು.

“ಏನಾಯ್ತೂಂದ್ರೆ?” ಎಂದರು ಆಕೆ.

“ಮಂಡಿ” ಎಂದರು ಮೇಷ್ಟ್ರು. “ಮೂರು ತಿಂಗಳಾಯಿತು. ಹೇಳಿದರೆ ನೀನು ಪ್ರಯಾಣ ಬೇಡ ಅಂತಿದ್ದೆ. ಮಗು ಆಸೆಪಟ್ಟು ಏರ್ಪಾಟು ಮಾಡಿದ್ದಳು.”

ಐವತ್ತು ವರ್ಷ ಪತಿಯ ಮುಖದ ಒಂದೊಂದು ಗೆರೆಯನ್ನೂ ಓದಿದ್ದ ಆಕೆ ಸೀರೆಯ ಗೆರೆಗಳನ್ನು ನೋಡುವ ಭರದಲ್ಲಿ ಇದೊಂದನ್ನು ಓದಿರಲಿಲ್ಲ. ಮಾತಾಡದೆ ಅವರ ತೋಳನ್ನು ತಮ್ಮ ಹೆಗಲ ಮೇಲೆ ಹಾಕಿಕೊಂಡರು. ರೇಷ್ಮೆಯ ಸೆರಗು ಅವರಿಬ್ಬರ ನಡುವೆ ನುಗ್ಗುನುರಿಯಾಯಿತು.

ಕೂಡುತಾಣದಲ್ಲಿ ಮಗಳು ಅಧಿಕಾರಿಗೆ ವಿಷಯ ತಿಳಿಸಿದಳು. ಆತ ಗದರಲಿಲ್ಲ, ಕೋಣೆಯ ಸಂಖ್ಯೆಯನ್ನು ಬರೆದುಕೊಂಡ. ಮೆಟ್ಟಿಲಿಳಿಯಲಾರದವರು, ಕಿವಿ ಮಂದವಾದವರು, ಗಾಲಿಕುರ್ಚಿಯವರು ಮೊದಲೇ ತಿಳಿಸಿದರೆ, ಕರೆ ಮೊಳಗಿದಾಗ ನೆರವಿಗೆ ಸಿಬ್ಬಂದಿಯನ್ನು ಅವರ ಕೋಣೆಗೇ ಕಳುಹಿಸಲಾಗುವುದೆಂದು ವಿವರಿಸಿದ. ಅಭ್ಯಾಸಕ್ಕೆ ಹೋಗದಿದ್ದರೆ ಈ ಮಂಡಿಯ ಸಂಗತಿ ಯಾರಿಗೂ ತಿಳಿಯುತ್ತಿರಲಿಲ್ಲ. ತಿಳಿಯುತ್ತಿದ್ದುದು ಒಂದೇ ಒಂದು ಸಂದರ್ಭದಲ್ಲಿ. ಆ ಸಂದರ್ಭವನ್ನು ನೆನೆಯಲು ಆಕೆ ಇಷ್ಟಪಡಲಿಲ್ಲ.

ಆಮೇಲೆ ಆಕೆ ಶಿಸ್ತಿನ ವಿದ್ಯಾರ್ಥಿನಿಯಂತೆ ಜಾಕೆಟ್ ತೊಟ್ಟರು. ಪಟ್ಟಿಯನ್ನು ಬಿಗಿದರು. ಅದಕ್ಕೆ ಕಟ್ಟಿದ ಪೀಪಿ ಎಲ್ಲಿದೆ, ದೀಪವೆಲ್ಲಿದೆ ಎಂದು ಮುಟ್ಟಿ ನೋಡಿದರು. ಪತಿಯ ಪಟ್ಟಿಯನ್ನೂ ತಾವೇ ಬಿಗಿದರು. ಕೋಣೆಗೆ ಹಿಂದಿರುಗಿದ ಮೇಲೆ ಬಾಗಿಲ ಹಿಂಬದಿಯ ನಕ್ಷೆಯನ್ನು ಓದಿ, ಮೆಟ್ಟಿಲವರೆಗೆ ಎಷ್ಟು ಬಾಗಿಲುಗಳೆಂದು ಎಣಿಸಿಕೊಂಡರು. ಹೊಗೆ ಕವಿದಾಗ ಕಣ್ಣಿಗಿಂತ ಎಣಿಕೆಯೇ ದಾರಿ ತೋರುವುದಲ್ಲವೇ?

ಭಾವಚಿತ್ರವನ್ನು ತೆಗೆಸಿದ್ದೂ ಆಯಿತು. ಈಗ ಅದು ರಾಮಕೃಷ್ಣನಗರದ ಮನೆಯ ನಡುಮನೆಯಲ್ಲಿ ತೂಗುತ್ತಿದೆ. ಹಿಂದೆ ಮುಳುಗುವ ಸೂರ್ಯ. ಮುಂದೆ ಮೇಷ್ಟ್ರು ಮತ್ತು ಅವರ ಮಡದಿ. ಎಡಹೆಗಲಿನ ಮೇಲೆ ರೇಷ್ಮೆ ಮುದುಡಿಹೋಗಿರುವುದು ದೂರದಿಂದಲೇ ಕಾಣುತ್ತದೆ.

ಮೊನ್ನೆ ಕುಂಕುಮಕ್ಕೆ ಬಂದ ನೆರೆಮನೆಯಾಕೆ, “ಎಷ್ಟು ಒಳ್ಳೆಯ ಸೀರೆ! ಸ್ವಲ್ಪ ಸೆರಗು ಸರಿಮಾಡಿಕೊಂಡಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು” ಎಂದರು.

“ಅದು ಇವರ ತೋಳು ಇದ್ದ ಜಾಗ, ಹಾಗೇ ಇರಲಿ” ಎಂದರು ಮೇಷ್ಟ್ರ ಮಡದಿ. ಕುಂಕುಮದ ಬಟ್ಟಲನ್ನು ಮುಂದೆ ಹಿಡಿದರು.