ವ್ಯಾಯಾಮದ ಯಂತ್ರಕ್ಕೂ ಆರೈಕೆ ಬೇಕು

ಆಯುಧಪೂಜೆಯ ದಿನ ನಮ್ಮ ಮನೆಗಳಲ್ಲಿ ಯಂತ್ರಗಳಿಗೆಲ್ಲ ಸನ್ಮಾನ ನಡೆಯುತ್ತದೆ. ಕಾರು, ಸ್ಕೂಟರು, ಹೊಲಿಗೆಯಂತ್ರಗಳ ಸಾಲಿಗೆ ಈಗ ವ್ಯಾಯಾಮದ ಯಂತ್ರವೂ ಸೇರಿದೆ. 2008ರಲ್ಲಿ ವಿಮಾನನಿಲ್ದಾಣ ಆರಂಭವಾದ ತರುವಾಯ ದೇವನಹಳ್ಳಿಯ ಸುತ್ತ ಹೊಸ ಬಡಾವಣೆಗಳೆದ್ದವು. ಹೊಸಕೋಟೆ, ನೆಲಮಂಗಲಗಳೂ ಬೆಳೆದವು. ಅಲ್ಲಿನ ಅನೇಕ ಮನೆಗಳ ಮೂಲೆಯಲ್ಲಿ ಒಂದು ಟ್ರೆಡ್‌ಮಿಲ್ಲೋ, ನಿಂತಲ್ಲೇ ತುಳಿಯುವ ಸೈಕಲ್ಲೋ, ಒಂದು ಜೊತೆ ಡಂಬೆಲ್ಲೋ ಇದ್ದೇ ಇರುತ್ತದೆ. ಹಬ್ಬದಂದು ಅದಕ್ಕೂ ಅರಿಶಿನ ಕುಂಕುಮ, ಒಂದು ಮೊಳ ಸೇವಂತಿಗೆ. ಮಿಕ್ಕ ದಿನಗಳಲ್ಲಿ ಅದರ ಮೇಲೆ ಒಣಗುವುದು ಒದ್ದೆ ಟವೆಲು!

ಹಿಂದಿನ ಗರಡಿಗಳಲ್ಲಿ ಪದ್ಧತಿ ಹೀಗಿರಲಿಲ್ಲ. ಕೆಮ್ಮಣ್ಣಿನ ಅಖಾಡವನ್ನು ಅಗೆದು ಹದಗೊಳಿಸುವುದೂ, ಮಣ್ಣಿಗೆ ಎಣ್ಣೆ ಅರಿಶಿನ ಬೆರೆಸುವುದೂ, ಗದೆ ಕಲ್ಲುಗುಂಡುಗಳನ್ನು ಒರೆಸಿ ಸ್ವಸ್ಥಾನದಲ್ಲಿಡುವುದೂ ಸಾಮಿನ ಭಾಗವೇ ಆಗಿದ್ದುವು. ತಪ್ಪಿದರೆ ಕೇಳಲು ಉಸ್ತಾದನಿದ್ದ. ಕಳೆದ ಶತಮಾನದ ಪೂರ್ವಾರ್ಧದಲ್ಲಿ ಬೆಂಗಳೂರಿನ ಕೆ. ವಿ. ಅಯ್ಯರ್ ಅವರು ಅಂಚೆಯ ಮೂಲಕವೂ ಅಂಗಸಾಧನೆಯ ಪಾಠ ಹೇಳಿದರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃವೆಂದು ನಾವು ಬಲ್ಲ ಅಯ್ಯರ್ ಇವರೇ. ಹೀಗೆ ವ್ಯಾಯಾಮವು ಗರಡಿಯಿಂದ ಮನೆಗೆ ಬಂದಿತು. ಆದರೆ ಉಸ್ತಾದನು ಜೊತೆಗೆ ಬರಲಿಲ್ಲ. ಆತನ ಕೆಲಸವನ್ನು ಈಗ ಮನೆಯವರೇ ಮಾಡಿಕೊಳ್ಳಬೇಕು.

ಯಂತ್ರಕ್ಕೆ ಮೊದಲನೆಯ ಶತ್ರು ನಮ್ಮ ಬೆವರು. ಬೆವರಿನ ನೀರು ಆರಿದರೂ ಅದರಲ್ಲಿನ ಉಪ್ಪು ಉಳಿದು, ಗಾಳಿಯ ತೇವವನ್ನು ಹೀರುತ್ತ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಆದುದರಿಂದ ವ್ಯಾಯಾಮ ಮುಗಿದೊಡನೆ ಹಿಡಿಗಳನ್ನೂ ಆಸನವನ್ನೂ ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಒರೆಸಿ, ಮೇಲೆ ಒಣಬಟ್ಟೆ ಆಡಿಸಬೇಕು. ಜಿಡ್ಡಿದ್ದರೆ ತುಸು ಸೋಪಿನ ನೀರು ಸಾಕು. ಅಂಕಿಗಳು ಮೂಡುವ ಫಲಕದ ಮೇಲೆ ನೀರನ್ನಾಗಲಿ ಔಷಧವನ್ನಾಗಲಿ ನೇರವಾಗಿ ಸಿಂಪಡಿಸಕೂಡದು. ಈ ತಾಲ್ಲೂಕುಗಳ ಕೊಳವೆಬಾವಿಗಳ ಗಡಸು ನೀರು ಆರಿದ ಮೇಲೆ ಬಿಳಿಯ ಕಲೆ ಬಿಡುವುದುಂಟು. ಒರೆಸಲು ಶೋಧಿಸಿದ ಕುಡಿಯುವ ನೀರನ್ನು ಬಳಸುವುದು ಲೇಸು. ಬಣ್ಣವಿಲ್ಲದ ಕಬ್ಬಿಣದ ಡಂಬೆಲ್ಲಿಗೆ ತಿಂಗಳಿಗೊಮ್ಮೆ ಎಣ್ಣೆಯ ತೆಳುಲೇಪ ಕೊಟ್ಟು ಒರೆಸಿದರೆ ತುಕ್ಕು ದೂರ ನಿಲ್ಲುತ್ತದೆ.

ಎರಡನೆಯ ಶತ್ರು ಧೂಳು. ಕಟ್ಟಡದ ಕೆಲಸ ನಡೆಯುವ ಬಡಾವಣೆಗಳಲ್ಲಿ ಬೇಸಗೆಯ ಗಾಳಿ ತರುವ ಧೂಳು ಟ್ರೆಡ್‌ಮಿಲ್ಲಿನ ಅಡಿಗೆ ಸೇರಿ ಮೋಟಾರಿನವರೆಗೆ ಹೋಗುತ್ತದೆ. ವಾರಕ್ಕೊಮ್ಮೆ ಪ್ಲಗ್ ಕಳಚಿ ಯಂತ್ರದ ಕೆಳಗೆ, ಹಿಂದೆ ಗುಡಿಸಬೇಕು. ಎಣ್ಣೆಯ ವಿಷಯದಲ್ಲಿ ದೊಡ್ಡಬಳ್ಳಾಪುರದ ನೇಕಾರರನ್ನು ಕೇಳಿದರೆ ಸಾಕು: ಮಗ್ಗದಲ್ಲಿ ಮೊದಲು ನೂಲಿನ ಧೂಳು ತೆಗೆಯಬೇಕು, ಆಮೇಲೆ ಎಣ್ಣೆ, ಅದೂ ತಕ್ಕ ಎಣ್ಣೆ, ತಕ್ಕ ಜಾಗಕ್ಕೆ ಮಾತ್ರ. ಟ್ರೆಡ್‌ಮಿಲ್ಲಿನಲ್ಲಿ ಓಡುವ ಪಟ್ಟಿಗೂ ಅದರಡಿಯ ಹಲಗೆಗೂ ನಡುವೆ ಬೇಕಾದುದು ಸಾಮಾನ್ಯವಾಗಿ ಸಿಲಿಕೋನ್ ಎಣ್ಣೆ. ಕೊಬ್ಬರಿ ಎಣ್ಣೆ, ಹೊಲಿಗೆಯಂತ್ರದ ಎಣ್ಣೆಗಳನ್ನು ಹಾಕಿದರೆ ಪಟ್ಟಿಯೇ ಕೆಡಬಹುದು. ಪ್ಲಗ್ ಕಳಚಿ, ಪಟ್ಟಿಯ ಅಂಚನ್ನೆತ್ತಿ ಒಳಗೆ ಬೆರಳಾಡಿಸಿ ನೋಡಿ. ಒಣಗಿದ್ದರೆ ಹಾಕುವ ಕಾಲ ಬಂದಿತೆಂದು ತಿಳಿಯಿರಿ. ಒಣಗಿದ ಪಟ್ಟಿಯನ್ನು ಎಳೆಯಲು ಮೋಟಾರು ಹೆಚ್ಚು ವಿದ್ಯುತ್ತನ್ನು ಸೆಳೆದು ಬಿಸಿಯೇರುತ್ತದೆ. ಪಟ್ಟಿ ಎಡಕ್ಕೆ ಸರಿದಿದ್ದರೆ ಹಿಂಬದಿಯ ಎಡ ತಿರುಪನ್ನು ಗಡಿಯಾರದ ಮುಳ್ಳು ಚಲಿಸುವ ದಿಕ್ಕಿನಲ್ಲಿ ಕಾಲು ಸುತ್ತು ಮಾತ್ರ ತಿರುಗಿಸಿ ಕಾದು ನೋಡಬೇಕು. ಯಂತ್ರದೊಡನೆ ಬಂದ ಕೈಪಿಡಿ ಬೇರೆ ಹೇಳಿದ್ದರೆ ಅದೇ ಪ್ರಮಾಣ.

ಸೈಕಲ್ಲಿನ ಎಡ ಪೆಡಲಿನ ಮರೆ ವಿಲೋಮವಾದುದು. ಅದನ್ನು ಬಿಗಿಯಲು ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ತಿರುಗಿಸಬೇಕು. ಇದನ್ನರಿಯದೆ ಬಲಪ್ರಯೋಗ ಮಾಡಿ ಮರೆ ಕೆಡಿಸಿಕೊಂಡವರುಂಟು. ಎಳೆದು ಮಾಡುವ ರಬ್ಬರ್ ಪಟ್ಟಿಗಳನ್ನು ಬಿಸಿಲಿನಲ್ಲಿಡಕೂಡದು. ಎಲ್ಲಿಯಾದರೂ ಬಿರುಕು ಕಂಡರೆ ಅವನ್ನು ಎಸೆಯುವುದೇ ಮೇಲು, ಏಕೆಂದರೆ ಎಳೆದಾಗ ಹರಿದ ತುಂಡು ಮುಖಕ್ಕೇ ಬಡಿಯಬಹುದು.

ಇಷ್ಟೂ ಹಣದ ಮಾತಾಯಿತು. ಹಣಕ್ಕಿಂತ ದೊಡ್ಡ ಮಾತೊಂದಿದೆ. ಅಮೆರಿಕದಲ್ಲಿ ಒಂದು ಮಗು ಟ್ರೆಡ್‌ಮಿಲ್ಲಿನ ಅಡಿಗೆ ಸೆಳೆಯಲ್ಪಟ್ಟು ಮೃತಪಟ್ಟಿತು. ಆ ಮೇಲೆ 2021ರಲ್ಲಿ ಪೆಲೊಟಾನ್ ಕಂಪನಿಯು ತನ್ನ ‘ಟ್ರೆಡ್ ಪ್ಲಸ್’ ಮಾದರಿಯ ಸುಮಾರು 1,25,000 ಯಂತ್ರಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಓಡುವ ಪಟ್ಟಿಯ ಹಿಂಬದಿಗೆ ಎಳೆಯ ಕೈ ಸಿಕ್ಕಿದರೆ ಎಳೆದುಕೊಳ್ಳಲು ಕ್ಷಣ ಸಾಕು. ಮಕ್ಕಳಿರುವ ಮನೆಯಲ್ಲಿ ವ್ಯಾಯಾಮ ಮುಗಿದೊಡನೆ ಸುರಕ್ಷತೆಯ ಕೀಲಿಯನ್ನು ಕಿತ್ತು ಅವರ ಕೈಗೆಟುಕದೆಡೆ ಇಡಬೇಕು, ಪ್ಲಗ್ಗನ್ನೂ ಕಳಚಬೇಕು. ಕರೆಂಟು ಹೋದಾಗಲೂ ಹೀಗೆಯೇ. ಬರುವ ಹೊತ್ತಿಗೆ ಅಲ್ಲಿ ಯಾರಿರುತ್ತಾರೋ ಬಲ್ಲವರಾರು? ಯಂತ್ರದ ಹಿಂದೆ ಆರು ಅಡಿಯಷ್ಟು ಬಯಲು ಬಿಡಿ. ಗೋಡೆಗೊತ್ತಿ ಇಟ್ಟರೆ ಜಾರಿದವರು ಪಟ್ಟಿಗೂ ಗೋಡೆಗೂ ನಡುವೆ ಸಿಲುಕುತ್ತಾರೆ. ಅರ್ತಿಂಗ್ ಇರುವ ಮೂರು ರಂಧ್ರದ ಸಾಕೆಟ್ಟು ಇರಲೇಬೇಕು.

ಈ ಕೆಲಸವೆಲ್ಲ ಗೃಹಿಣಿಯ ತಲೆಗೇ ಬರಬೇಕೆಂದಿಲ್ಲ. ಬೆವರು ಸುರಿಸಿದವರೇ ಬೆವರು ಒರೆಸಲಿ. ಭಾನುವಾರದ ಧೂಳು ಗುಡಿಸುವಿಕೆ ಮನೆಯ ಹಿರಿಯ ಮಕ್ಕಳ ಪಾಲಿಗಿರಲಿ. ದಿನವೂ ಒರೆಸುವ ಕೈ ಸಡಿಲಾದ ತಿರುಪನ್ನು ಬೇಗ ಗುರುತಿಸುತ್ತದೆ. ವಿಚಿತ್ರ ಸದ್ದನ್ನು ಕಿವಿ ಮೊದಲೇ ಕೇಳುತ್ತದೆ. ಆರು ತಿಂಗಳಿಂದ ಯಾರೂ ಹತ್ತದ ಯಂತ್ರವಾದರೆ ಅದನ್ನು ಚೊಕ್ಕಟಗೊಳಿಸಿ ಬಳಸುವವರಿಗೆ ಕೊಟ್ಟುಬಿಡುವುದು ಒಳ್ಳೆಯದು. ಟವೆಲು ಒಣಗಿಸಲು ಒಂದು ಹಗ್ಗ ಸಾಕಲ್ಲವೆ?